ಸಾಲುಗಳ ನಡುವಿನ ಗಿಟಾರ್: ರೆಗ್ಗಿ ಯಂಗ್ ಮತ್ತು ಮೆಂಫಿಸ್ ಸ್ಟುಡಿಯೋ ಪರಂಪರೆ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1960ರ ದಶಕದಲ್ಲಿ ಬೆಳೆದ ಸ್ಟುಡಿಯೋ ಗಿಟಾರ್ ಪರಂಪರೆಗೆ ಎರಡು ಊರುಗಳು ನೆಲೆಯಾದವು: ಟೆನೆಸಿಯ ಮೆಂಫಿಸ್ ಮತ್ತು ಅಲಬಾಮಾದ ಮಸಲ್ ಶೋಲ್ಸ್. ಇಲ್ಲಿನ ಸ್ಟುಡಿಯೋಗಳಿಗೆ ಗಾಯಕರು ಬರುತ್ತಿದ್ದರು, ಹಾಡಿ ಹೋಗುತ್ತಿದ್ದರು. ವಾದಕರು ಮಾತ್ರ ಬದಲಾಗುತ್ತಿರಲಿಲ್ಲ. ಒಂದೊಂದು ಸ್ಟುಡಿಯೋಕ್ಕೂ ತನ್ನದೇ ಕಾಯಂ ತಂಡವಿತ್ತು, ಆ ತಂಡಕ್ಕೊಬ್ಬ ಗಿಟಾರ್ ವಾದಕನಿದ್ದ. ಸ್ಟ್ಯಾಕ್ಸ್‌ನಲ್ಲಿ ಸ್ಟೀವ್ ಕ್ರಾಪರ್, ರಾಯಲ್ ಸ್ಟುಡಿಯೋದಲ್ಲಿ ಟೀನಿ ಹಾಜಸ್, ಮಸಲ್ ಶೋಲ್ಸ್‌ನಲ್ಲಿ ಜಿಮ್ಮಿ ಜಾನ್ಸನ್, ಅಮೆರಿಕನ್ ಸೌಂಡ್ ಸ್ಟುಡಿಯೋದಲ್ಲಿ ರೆಗ್ಗಿ ಯಂಗ್. ಈ ನಾಲ್ವರಲ್ಲಿ ಯಂಗ್ ಅವರ ಶೈಲಿಯನ್ನು ಗುರುತಿಸುವುದೇ ಹೆಚ್ಚು ಕಷ್ಟ. 2019ರ ಜನವರಿ 17ರಂದು 82ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೆ ಅಭಿಮಾನಿಗಳ ಸ್ಮರಣೆಗಳಲ್ಲಿ ಮತ್ತೆ ಮತ್ತೆ ಎದ್ದ ವಾದಗಳು ಈ ಕಷ್ಟದಿಂದಲೇ ಹುಟ್ಟಿದವು. ಅವರು ಸೋಲ್ ವಾದಕರೋ ಕಂಟ್ರಿ ವಾದಕರೋ? ಅವರಿಗೆ ಸ್ವಂತ ಶೈಲಿ ಇತ್ತೋ, ಅಥವಾ ಕೇಳಿದ್ದನ್ನು ನುಡಿಸಿಕೊಡುವ ಕೌಶಲವಷ್ಟೇ ಇತ್ತೋ? ಹಾಡಿನ ಯಶಸ್ಸಿನಲ್ಲಿ ಅವರ ಪಾಲೆಷ್ಟು?

ಯಂಗ್ ಹುಟ್ಟಿದ್ದು 1936ರ ಡಿಸೆಂಬರ್ 12ರಂದು, ಮಿಸೌರಿ ರಾಜ್ಯದ ಕರುದರ್ಸ್‌ವಿಲ್‌ನಲ್ಲಿ. ಬೆಳೆದದ್ದು ಆರ್ಕನ್ಸಾದ ಆಸಿಯೋಲಾದಲ್ಲಿ. ಎರಡೂ ಮಿಸಿಸಿಪ್ಪಿ ನದಿಯ ಬಯಲಿನ ಊರುಗಳು. ಹತ್ತಿ ಹೊಲಗಳ ಈ ಸೀಮೆಯಲ್ಲಿ ಕರಿಯರ ಬ್ಲೂಸ್ ಮತ್ತು ಬಿಳಿಯರ ಕಂಟ್ರಿ ಸಂಗೀತ ಒಂದೇ ಗಾಳಿಯಲ್ಲಿ ಕಿವಿಗೆ ಬೀಳುತ್ತಿದ್ದವು. ಮೆಂಫಿಸ್‌ಗೆ ಬಂದ ಯಂಗ್ 1950ರ ದಶಕದ ನಡುವಿನಲ್ಲಿ ಎಡ್ಡಿ ಬಾಂಡ್ ಅವರ ರಾಕಬಿಲಿ ತಂಡದಲ್ಲಿದ್ದರು. ಬಳಿಕ ಎಲ್ವಿಸ್ ಪ್ರೆಸ್ಲಿಯ ಹಳೆಯ ಬಾಸ್ ವಾದಕ ಬಿಲ್ ಬ್ಲ್ಯಾಕ್ ಕಟ್ಟಿದ ತಂಡ ಸೇರಿದರು. ಹಾಡುಗಾರರಿಲ್ಲದ, ಕುಣಿತಕ್ಕೆ ಹೇಳಿಮಾಡಿಸಿದ ಸರಳ ವಾದ್ಯಸಂಗೀತ ಆ ತಂಡದ್ದು. 1959ರ ‘ಸ್ಮೋಕಿ’ ಅದರ ಮೊದಲ ದೊಡ್ಡ ಗೆಲುವು. 1964ರಲ್ಲಿ ಬೀಟಲ್ಸ್ ಅಮೆರಿಕದ ಉದ್ದಗಲ ಸುತ್ತಿದಾಗ ಅವರಿಗಿಂತ ಮೊದಲು ವೇದಿಕೆಗೆ ಬರುತ್ತಿದ್ದ ತಂಡಗಳಲ್ಲಿ ಇದೂ ಒಂದು. ಈ ತಂಡ ಯಂಗ್ ಅವರಿಗೆ ಕಲಿಸಿದ ಪಾಠ ಮುಂದೆ ಉದ್ದಕ್ಕೂ ನೆರವಾಯಿತು: ಲಯ ಒಮ್ಮೆ ಕೂತ ಮೇಲೆ ಅದನ್ನು ಕದಡಬಾರದು, ಒಂದು ಸ್ವರ ಸಾಕಾಗುವ ಕಡೆ ಎರಡು ಹಾಕಬಾರದು.

1967ರ ಹೊತ್ತಿಗೆ ಚಿಪ್ಸ್ ಮೋಮನ್ ಅವರ ಅಮೆರಿಕನ್ ಸೌಂಡ್ ಸ್ಟುಡಿಯೋದ ಕಾಯಂ ತಂಡ ಗಟ್ಟಿಯಾಯಿತು. ಮೋಮನ್ ಮೊದಲು ಸ್ಟ್ಯಾಕ್ಸ್‌ನಲ್ಲಿ ದುಡಿದು, ಅಲ್ಲಿಂದ ಹೊರಬಂದು ಉತ್ತರ ಮೆಂಫಿಸ್‌ನ ಥಾಮಸ್ ಬೀದಿಯಲ್ಲಿ ಈ ಸ್ಟುಡಿಯೋ ತೆರೆದಿದ್ದರು. ಪಿಯಾನೊಗೆ ಬಾಬಿ ವುಡ್, ಆರ್ಗನ್‌ಗೆ ಬಾಬಿ ಎಮನ್ಸ್, ಡ್ರಮ್‌ಗೆ ಜೀನ್ ಕ್ರಿಸ್ಮನ್, ಬಾಸ್‌ಗೆ ಟಾಮಿ ಕಾಗ್‌ಬಿಲ್ ಮತ್ತು ಮೈಕ್ ಲೀಚ್, ಗಿಟಾರ್‌ಗೆ ಯಂಗ್. ‘ಮೆಂಫಿಸ್ ಬಾಯ್ಸ್’ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಐದಾರು ವರ್ಷಗಳಲ್ಲಿ ಇವರು ನುಡಿಸಿದ ನೂರಕ್ಕೂ ಮಿಕ್ಕ ಹಾಡುಗಳು ಜನಪ್ರಿಯತೆಯ ಪಟ್ಟಿ ಏರಿದವು.

ಇಲ್ಲಿ ಹಾಡು ತಯಾರಾಗುತ್ತಿದ್ದ ಬಗೆಯನ್ನು ತಿಳಿಯದೆ ಶೈಲಿಯ ಮಾತು ಆಡುವಂತಿಲ್ಲ. ಗಿಟಾರ್ ಏನು ನುಡಿಸಬೇಕೆಂದು ಯಾರೂ ಬರೆದುಕೊಡುತ್ತಿರಲಿಲ್ಲ. ಹಾಡಿನ ಮಾದರಿ ಧ್ವನಿಮುದ್ರಣವನ್ನು ತಂಡ ಒಟ್ಟಿಗೆ ಕೂತು ಕೇಳುತ್ತಿತ್ತು, ಕಾರ್ಡ್‌ಗಳ ಸರಣಿಯನ್ನು ಚೀಟಿಯಲ್ಲಿ ಗುರುತುಮಾಡಿಕೊಳ್ಳುತ್ತಿತ್ತು. ಆಮೇಲೆ ತಮ್ಮ ತಮ್ಮ ಭಾಗವನ್ನು ಅವರವರೇ ಕಟ್ಟುತ್ತಿದ್ದರು. ತಂತಿವಾದ್ಯಗಳ ಮೇಳ, ತುತ್ತೂರಿ ಮುಂತಾದವು ಸೇರುತ್ತಿದ್ದುದು ಅನಂತರ. ಹಾಗಾಗಿ ಮೊದಲ ಮುದ್ರಣದಲ್ಲಿ ಹಾಡಿಗೆ ಬಣ್ಣ ಕೊಡುವ ಹೊಣೆಯ ದೊಡ್ಡ ಪಾಲು ಗಿಟಾರ್‌ನದು. ಪ್ರವೇಶದ ಸ್ವರಗುಚ್ಛ, ಸಾಲುಗಳ ನಡುವಿನ ತುಂಬುವಿಕೆ, ಚರಣದಿಂದ ಪಲ್ಲವಿಗೆ ದಾಟುವ ಸೇತು ಎಲ್ಲವೂ ವಾದಕನ ತೀರ್ಮಾನ.

ಯಂಗ್ ಅವರ ಸಾಮಗ್ರಿ ದೊಡ್ಡದೇನಲ್ಲ. ಸ್ನೇರ್ ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಕತ್ತರಿಸಿದಂತೆ ಬೀಳುವ ಕಾರ್ಡ್. ಮೂರನೆಯ ಅಥವಾ ಆರನೆಯ ಅಂತರದ ಜೋಡಿ ಸ್ವರಗಳನ್ನು ಕೆಳಗಿನಿಂದ ಜಾರಿಸಿ ಮೇಲಕ್ಕೆ ಮುಟ್ಟಿಸುವುದು. ಕಾರ್ಡ್‌ನ ಸ್ವರಗಳನ್ನು ಒಂದೊಂದಾಗಿ ಬಿಡಿಸುವುದು. ತಂತಿಯನ್ನು ಎಳೆದು ಬ್ಲೂಸ್‌ನ ನೋವನ್ನು ತರುವುದು. ವಾಲ್ಯೂಮ್ ಪೆಡಲ್ ಒತ್ತಿ, ಮೀಟಿದ ಸದ್ದು ಕೇಳಿಸದಂತೆ ಸ್ವರವನ್ನು ಮೆಲ್ಲಗೆ ಅರಳಿಸುವುದು. ಇವುಗಳಲ್ಲಿ ಯಾವುದೂ ಅವರೊಬ್ಬರ ಸ್ವತ್ತಲ್ಲ. ಕತ್ತರಿಸಿದ ಕಾರ್ಡ್ ಕ್ರಾಪರ್ ಅವರಲ್ಲೂ ಇದೆ, ಜೋಡಿ ಸ್ವರಗಳ ಜಾರುವಿಕೆ ಸೋಲ್ ಗಾಯಕ ಕರ್ಟಿಸ್ ಮೇಫೀಲ್ಡ್ ಅವರಲ್ಲಿ ಇನ್ನೂ ಸಿರಿವಂತವಾಗಿದೆ, ಅರಳುವ ಸ್ವರ ಕಂಟ್ರಿ ಸಂಗೀತದ ಸ್ಟೀಲ್ ಗಿಟಾರ್‌ನ ಬಳುವಳಿ. ಅವರಿಗೆ ಸ್ವಂತ ಶೈಲಿ ಇರಲಿಲ್ಲ ಎನ್ನುವವರ ವಾದಕ್ಕೆ ಬಲ ಬರುವುದು ಇಲ್ಲಿಂದಲೇ.

ಎದುರು ವಾದದವರು ಬೊಟ್ಟು ಮಾಡುವುದು ಸ್ವರಗಳ ಜಾಗದತ್ತ. ಗಾಯಕರ ಸಾಲು ಮುಗಿದು ಮುಂದಿನ ಸಾಲು ಶುರುವಾಗುವ ಎಡೆಯಲ್ಲಿ ಯಂಗ್ ನುಡಿಯುತ್ತಾರೆ, ಸಾಲು ಶುರುವಾದೊಡನೆ ಹಿಂದೆ ಸರಿಯುತ್ತಾರೆ. ಕರ್ನಾಟಕ ಸಂಗೀತದ ಕಚೇರಿಯಲ್ಲಿ ಪಕ್ಕವಾದ್ಯದ ಪಿಟೀಲು ಗಾಯಕರಿಗೆ ಓಗೊಡುವ ಹಾಗೆ ಇದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಪಿಟೀಲಿಗೆ ಆಲಾಪನೆಯಲ್ಲಿ ತನ್ನ ಸರದಿ ಬರುತ್ತದೆ. ಮೂರು ನಿಮಿಷದ ಹಾಡಿನಲ್ಲಿ ಗಿಟಾರ್‌ಗೆ ಸರದಿಯಿಲ್ಲ, ಎರಡು ಮಾತ್ರೆಗಳ ಸಂದಿನಲ್ಲೇ ಹೇಳಿ ಮುಗಿಸಬೇಕು.

ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಹಾಡಿದ ‘ಸನ್ ಆಫ್ ಎ ಪ್ರೀಚರ್ ಮ್ಯಾನ್’ ಈ ಹೋಲಿಕೆಯನ್ನು ಇನ್ನೂ ಸಡಿಲಗೊಳಿಸುತ್ತದೆ. 1968ರಲ್ಲಿ ಅಮೆರಿಕನ್ ಸ್ಟುಡಿಯೋದಲ್ಲಿ ಮುದ್ರಿತವಾದ ಈ ಹಾಡು ಯಂಗ್ ಅವರ ಗಿಟಾರ್‌ನಿಂದಲೇ ತೆರೆದುಕೊಳ್ಳುತ್ತದೆ. ಕೆಳಗಿನಿಂದ ಜಾರಿ ಬರುವ ನಾಲ್ಕಾರು ಸ್ವರಗಳಲ್ಲಿ ಹಾಡಿನ ಸೋಮಾರಿ ನಡೆ, ಒಳಗಿನ ತುಂಟತನ ಎರಡೂ ಗೊತ್ತಾಗುತ್ತವೆ. ಮುಂದೆ ಧ್ವನಿಯ ಒಂದೊಂದು ಸಾಲಿಗೂ ಗಿಟಾರ್ ಮರುನುಡಿಯುತ್ತದೆ. ಆದರೆ ಸ್ಪ್ರಿಂಗ್‌ಫೀಲ್ಡ್ ಆ ಸ್ಟುಡಿಯೋದಲ್ಲಿ ಹಾಡಲು ಹಿಂಜರಿದರು. ಧ್ವನಿಮುದ್ರಿಕೆಯಲ್ಲಿ ಕೇಳುವ ಅವರ ಅಂತಿಮ ಧ್ವನಿ ಆಮೇಲೆ ನ್ಯೂಯಾರ್ಕ್‌ನಲ್ಲಿ ಮುದ್ರಣಗೊಂಡದ್ದು. ಅಂದರೆ ಉತ್ತರವೇ ಮೊದಲು, ಪ್ರಶ್ನೆ ಆಮೇಲೆ. ಗಾಯಕಿಗೆ ಓಗೊಟ್ಟ ಹಾಗೆ ಕೇಳುವ ಗಿಟಾರ್, ಅವರು ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನು ಮುಂಚೆಯೇ ಗೊತ್ತುಮಾಡಿತ್ತು. ಯಂಗ್ ಅವರ ಕೆಲಸವನ್ನು ಬರಿಯ ಸಹವಾದನವೆಂದು ಕರೆದರೆ ಇದಕ್ಕೆ ಲೆಕ್ಕ ಸಿಗುವುದಿಲ್ಲ. ಅದು ಹಾಡಿನೊಳಗೆ ಖಾಲಿ ಜಾಗಗಳನ್ನು ಹಂಚುವ ಸಂಯೋಜನೆ. ಅವರ ಶೈಲಿ ಇರುವುದು ಈ ಹಂಚಿಕೆಯಲ್ಲಿ. ಸ್ವರಗುಚ್ಛಗಳನ್ನು ಬಿಡಿಬಿಡಿಯಾಗಿ ಕಿತ್ತು ತೋರಿಸಿದರೆ ಅದು ಕೈಗೆ ಸಿಗದು.

ಈ ಸಂಯೋಜನೆಯ ಶಕ್ತಿ ಮತ್ತು ಮಿತಿ ಎರಡನ್ನೂ ‘ಸಸ್ಪಿಶಸ್ ಮೈಂಡ್ಸ್’ ಒಂದರಲ್ಲೇ ಅಳೆಯಬಹುದು. ಈ ಹಾಡನ್ನು ಬರೆದ ಮಾರ್ಕ್ ಜೇಮ್ಸ್ 1968ರಲ್ಲಿ ತಾವೇ ಹಾಡಿ ಹೊರತಂದರು. ಮುದ್ರಣವಾದದ್ದು ಇದೇ ಸ್ಟುಡಿಯೋದಲ್ಲಿ, ಮೋಮನ್ ಅವರ ಉಸ್ತುವಾರಿಯಲ್ಲಿ. ಅದು ಓಡಲಿಲ್ಲ. 1969ರ ಜನವರಿಯಲ್ಲಿ ಎಲ್ವಿಸ್ ಅಲ್ಲಿಗೆ ಬಂದು, ಹೆಚ್ಚುಕಡಿಮೆ ಅದೇ ಸಂಯೋಜನೆಗೆ ಹಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಹಾಡು ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಎಲ್ವಿಸ್ ಬದುಕಿರುವಾಗ ಅಲ್ಲಿ ಮೊದಲ ಸ್ಥಾನ ಪಡೆದ ಕೊನೆಯ ಹಾಡು ಅದು. ಬಿಡಿಸಿದ ಸ್ವರಗಳ ಗಿಟಾರ್ ಈ ಹಾಡಿನ ಓಟಕ್ಕೆ ದಾರಿ ಹಾಕುತ್ತದೆ. ನಡುವೆ ತಾಳ ನಾಲ್ಕರ ಎಣಿಕೆಯಿಂದ ಆರರ ನಿಧಾನಗತಿಗೆ ಇಳಿದು ಮತ್ತೆ ಮೇಲೇಳುವಾಗ ಕೇಳುಗರು ಎಡವುವುದಿಲ್ಲ. ಆದರೂ ಎರಡು ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರೆ, ಜಾಗ ಬಿಟ್ಟುಕೊಡುವ ಶೈಲಿಗೆ ಆ ಜಾಗವನ್ನು ತುಂಬಬಲ್ಲ ಕಂಠ ಬೇಕೇಬೇಕು ಎಂಬುದು ಸ್ಪಷ್ಟ. ಗಿಟಾರ್ ಹಾಡನ್ನು ಗೆಲ್ಲಿಸಿತು ಎಂಬ ಅಭಿಮಾನಿಗಳ ಮಾತು ಅರ್ಧ ನಿಜವಷ್ಟೇ.

ಯಂಗ್ ಅವರ ಕೆಲಸದಲ್ಲಿ ಹೆಚ್ಚು ಜಗಳಕ್ಕೆ ಈಡಾದದ್ದು ಎಲೆಕ್ಟ್ರಿಕ್ ಸಿತಾರ್. ಡ್ಯಾನ್‌ಎಲೆಕ್ಟ್ರೋ ಕಂಪನಿ 1967ರಲ್ಲಿ ‘ಕೋರಲ್’ ಹೆಸರಿನಲ್ಲಿ ತಂದ ಈ ವಾದ್ಯ ಮೂಲತಃ ಗಿಟಾರೇ. ಸಿತಾರಿನ ಜವಾರಿಯ ಝೇಂಕಾರವನ್ನು ಅನುಕರಿಸುವ ಅಗಲ ಕುದುರೆ, ಜೊತೆಗೆ ಅನುರಣನದ ತಂತಿಗಳು ಅದಕ್ಕಿದ್ದವು. ಬಾಕ್ಸ್ ಟಾಪ್ಸ್ ತಂಡದ ‘ಕ್ರೈ ಲೈಕ್ ಎ ಬೇಬಿ’, ಬಿ. ಜೆ. ಥಾಮಸ್ ಅವರ ‘ಹುಕ್ಡ್ ಆನ್ ಎ ಫೀಲಿಂಗ್’ ಎರಡರಲ್ಲೂ ಯಂಗ್ ಇದನ್ನು ನುಡಿಸಿದರು. ಎರಡೂ 1968ರವು. ಆ ಕಾಲದ ಭಾರತ ವ್ಯಾಮೋಹದ ಅಗ್ಗದ ಗಿಮಿಕ್ ಎಂದು ಕೆಲವರು ಇದನ್ನು ತಳ್ಳಿಹಾಕುತ್ತಾರೆ. ವಾದ್ಯದ ಮಟ್ಟಿಗೆ ಆ ಮಾತು ತಪ್ಪಲ್ಲ. ನುಡಿಸಿದ ಬಗೆ ಬೇರೆ. ಯಂಗ್ ರಾಗದ ನೆರಳನ್ನಾಗಲಿ ಪೂರ್ವದ ನಿಗೂಢತೆಯನ್ನಾಗಲಿ ತರಲು ಹೋಗಲಿಲ್ಲ. ತಮ್ಮ ಎಂದಿನ ಬ್ಲೂಸ್ ಪದಗಳನ್ನೇ ಆ ಝೇಂಕಾರದಲ್ಲಿ ಹೇಳಿದರು. ಹಾಗಾಗಿ ಕಾಲದ ಫ್ಯಾಷನ್ ಅಳಿದ ಮೇಲೂ ಈ ಎರಡು ಹಾಡುಗಳು ಹಾಸ್ಯಾಸ್ಪದವಾಗಿಲ್ಲ.

ಸೋಲ್ ಅಥವಾ ಕಂಟ್ರಿ ಎಂಬ ಪ್ರಶ್ನೆಗೆ ಅವರ ಬದುಕಿನ ಎರಡನೆಯ ಭಾಗವೂ ಸಾಕ್ಷಿಯಾಗುತ್ತದೆ. 1972ರಲ್ಲಿ ಮೋಮನ್ ಮೆಂಫಿಸ್‌ನ ಸ್ಟುಡಿಯೋ ಮುಚ್ಚಿ ಅಟ್ಲಾಂಟಾಕ್ಕೆ ಹೊರಟರು. ಯಂಗ್ ಕೊನೆಗೆ ನೆಲೆಸಿದ್ದು ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ನಲ್ಲಿ. ಅಲ್ಲಿ ಅವರಿಗೆ ಹೆಸರು ತಂದದ್ದು ಡೋಬಿ ಗ್ರೇ 1973ರಲ್ಲಿ ಹಾಡಿದ ‘ಡ್ರಿಫ್ಟ್ ಅವೇ’. ಕರಿಯ ಗಾಯಕರೊಬ್ಬರು ಕಂಟ್ರಿಯ ಊರಿನಲ್ಲಿ ಹಾಡಿದ ಸೋಲ್ ಗೀತೆ, ಅದರ ಪ್ರವೇಶಕ್ಕೆ ಎರಡೂ ಕಡೆ ಸಲ್ಲುವ ಗಿಟಾರ್ ಪದ. ಬಿಲ್ಲಿ ಸ್ವಾನ್ ಅವರ ‘ಐ ಕ್ಯಾನ್ ಹೆಲ್ಪ್’, ಜೆ. ಜೆ. ಕೇಲ್ ಅವರ ‘ಕೊಕೇನ್’, ವೇಲನ್ ಜೆನಿಂಗ್ಸ್ ಅವರ ‘ಲೂಕನ್‌ಬಾಕ್, ಟೆಕ್ಸಸ್’, ವಿಲ್ಲಿ ನೆಲ್ಸನ್ ಅವರ ‘ಆಲ್ವೇಸ್ ಆನ್ ಮೈ ಮೈಂಡ್’ ಹೀಗೆ ಪಟ್ಟಿ ಬೆಳೆಯುತ್ತದೆ. ಮೆಂಫಿಸ್‌ನ ಬ್ಲೂಸ್ ಎಳೆತ ನ್ಯಾಶ್‌ವಿಲ್‌ನ ಧ್ವನಿಮುದ್ರಿಕೆಗಳಲ್ಲೂ ಬಿಟ್ಟುಹೋಗಲಿಲ್ಲ. ಸೋಲ್ ಮತ್ತು ಕಂಟ್ರಿ ಎಂಬ ಗೆರೆ ಧ್ವನಿಮುದ್ರಿಕೆ ಕಂಪನಿಗಳು ಮಾರಾಟಕ್ಕಾಗಿ, ಹೆಚ್ಚಾಗಿ ಕೊಳ್ಳುವವರ ಬಣ್ಣ ನೋಡಿ, ಎಳೆದದ್ದು. ನದಿ ಬಯಲಿನಲ್ಲಿ ಬೆಳೆದ ಕಿವಿಗೆ ಅದು ಅಷ್ಟು ಕಡ್ಡಾಯವಾಗಿರಲಿಲ್ಲ.

ಆದರೂ ಬಣ್ಣದ ಮಾತನ್ನು ಅಷ್ಟಕ್ಕೇ ಮುಗಿಸಲಾಗದು. ಸ್ಟ್ಯಾಕ್ಸ್‌ನ ತಂಡದಲ್ಲಿ ಕರಿಯರು ಬಿಳಿಯರು ಇಬ್ಬರೂ ಇದ್ದರು. ಮೆಂಫಿಸ್ ಬಾಯ್ಸ್ ಎಲ್ಲರೂ ಬಿಳಿಯರು. ಮಾರ್ಟಿನ್ ಲೂಥರ್ ಕಿಂಗ್ 1968ರ ಏಪ್ರಿಲ್ 4ರಂದು ಕೊಲೆಯಾದ ಊರು ಅದೇ ಮೆಂಫಿಸ್. ಆ ಊರಿನಲ್ಲಿ ಕರಿಯ ಗಾಯಕರ ಬೆನ್ನಿಗೆ ಬಿಳಿಯ ತಂಡ ಕೂತು ಸೋಲ್ ನುಡಿಸಿದ್ದನ್ನು ಸೌಹಾರ್ದದ ಕಥೆಯಾಗಿ ಮಾತ್ರ ಹೇಳಿದರೆ ಕಾಯಂ ಕೆಲಸ ಯಾರಿಗೆ ಸಿಕ್ಕಿತು ಎಂಬ ಪ್ರಶ್ನೆ ಮರೆಯಾಗುತ್ತದೆ. ಅಪ್ಪಟ ಗಿಟಾರ್ ವಾದಕರೂ ಆಗಿದ್ದ ಕರಿಯ ಗಾಯಕ ಬಾಬಿ ವೊಮ್ಯಾಕ್ ಅದೇ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದರು. ಯಂಗ್ ಅವರ ಶೈಲಿಯ ಚರ್ಚೆಯಲ್ಲಿ ಅವರ ಹೆಸರು ಬರುವುದು ಅಪರೂಪ.

ಪಾಲಿನ ಪ್ರಶ್ನೆಯೂ ಹಾಗೆಯೇ ಕಠಿಣ. ಯಂಗ್ ಅವರಂಥ ಸೆಷನ್ ವಾದಕರಿಗೆ ಸಿಗುತ್ತಿದ್ದುದು ಸಂಗೀತಗಾರರ ಒಕ್ಕೂಟ ಗೊತ್ತುಮಾಡಿದ ಕೂಲಿ, ಮೂರು ಗಂಟೆಯ ಸೆಷನ್‌ಗೆ ಇಂತಿಷ್ಟು. ಧ್ವನಿಮುದ್ರಿಕೆ ಎಷ್ಟೇ ಮಾರಾಟವಾದರೂ ರಾಯಧನದಲ್ಲಿ ಪಾಲಿರಲಿಲ್ಲ. ಹಾಡಿನ ಹಕ್ಕು ಸಾಹಿತ್ಯ ಮತ್ತು ಮಟ್ಟು ಕಟ್ಟಿದವರಿಗೆ ಸಲ್ಲುತ್ತದೆ. ಪ್ರವೇಶದ ಗಿಟಾರ್ ಪದ ಆ ಲೆಕ್ಕಕ್ಕೆ ಬರುವುದಿಲ್ಲ. ‘ಸಸ್ಪಿಶಸ್ ಮೈಂಡ್ಸ್’ನ ಪ್ರಕಾಶನ ಹಕ್ಕಿನಲ್ಲಿ ಎಲ್ವಿಸ್ ಕಡೆಯವರು ಪಾಲು ಕೇಳಿದಾಗ ಮೋಮನ್ ಸಿಡಿದೆದ್ದರು. ಹಣ ಇದ್ದದ್ದು ಎಲ್ಲಿ ಎಂಬುದು ಎರಡು ಕಡೆಯವರಿಗೂ ಗೊತ್ತಿತ್ತು. ಕ್ರಾಪರ್ ‘ಇನ್ ದ ಮಿಡ್‌ನೈಟ್ ಅವರ್’ನಂಥ ಹಾಡುಗಳಿಗೆ ಸಹ ರಚನಕಾರರಾಗಿ ಸಹಿ ಹಾಕಿದರು, ಹಾಜಸ್ ಗಾಯಕ ಅಲ್ ಗ್ರೀನ್ ಜೊತೆ ‘ಟೇಕ್ ಮಿ ಟು ದ ರಿವರ್’ ಬರೆದರು. ಯಂಗ್ ಅವರ ಹೆಸರು ಅಂಥ ರಚನೆಗಳೊಂದಿಗೆ ಬೆಸೆದುಕೊಳ್ಳಲಿಲ್ಲ. ಸ್ಯಾಕ್ಸೊಫೋನ್ ವಾದಕ ಕಿಂಗ್ ಕರ್ಟಿಸ್ 1967ರಲ್ಲಿ ಇದೇ ತಂಡದೊಡನೆ ಮುದ್ರಿಸಿದ ‘ಮೆಂಫಿಸ್ ಸೋಲ್ ಸ್ಟ್ಯೂ’ನಲ್ಲಿ ವಾದ್ಯಗಳನ್ನು ಅಡುಗೆಯ ಪದಾರ್ಥಗಳಂತೆ ಒಂದೊಂದಾಗಿ ಕೂಗಿ ಕರೆಯಲಾಗುತ್ತದೆ. ಗಿಟಾರ್ ಬರುತ್ತದೆ, ವಾದಕರ ಹೆಸರು ಬರುವುದಿಲ್ಲ. ಸೆಷನ್ ವಾದಕರ ಸ್ಥಾನಮಾನ ಅಷ್ಟರಲ್ಲೇ ತಿಳಿಯುತ್ತದೆ.

ಈ ಅನಾಮಿಕತೆಯನ್ನೇ ಗುಣವೆಂದು ಹೊಗಳುವುದು ಈಗ ರೂಢಿ. ಸಂಯಮ, ವಿನಯ, ಹಾಡಿನ ಸೇವೆ ಎಂಬ ಮಾತುಗಳು ಸೆಷನ್ ವಾದಕರ ಎಲ್ಲ ಸ್ಮರಣೆಗಳಲ್ಲೂ ಬರುತ್ತವೆ. ಯಂಗ್ ವಿಷಯದಲ್ಲಿ ಅವು ಪೂರ್ತಿ ಸಾಲವು. ಕಡಿಮೆ ನುಡಿಸುವ ವಾದಕರು ಬೇಕಾದಷ್ಟು ಮಂದಿ. ಮಸಲ್ ಶೋಲ್ಸ್‌ನ ಜಾನ್ಸನ್ ಅವರ ಹಿರಿಮೆ ಕೂಡ ಲಯದ ಹಿಂದೆ ಅಡಗಿ ನಿಂತದ್ದರಲ್ಲಿದೆ. ಯಂಗ್ ಅಡಗಿ ನಿಂತವರಲ್ಲ. ಹಾಡಿನ ಬಾಗಿಲಲ್ಲೇ, ಗಾಯಕರಿಗಿಂತ ಮೊದಲು, ಎದ್ದು ಕಾಣುವ ಮಾತೊಂದನ್ನು ಆಡಿ ಆಮೇಲೆ ಸರಿದು ನಿಲ್ಲುವುದು ಅವರ ಕ್ರಮ. ಅದಕ್ಕೆ ವಿನಯಕ್ಕಿಂತ ಧೈರ್ಯ ಹೆಚ್ಚು ಬೇಕು.

ಕೊರತೆಗಳೂ ಇಲ್ಲದಿಲ್ಲ. ನ್ಯಾಶ್‌ವಿಲ್‌ನಲ್ಲಿ ಸೆಷನ್‌ಗಳ ಸಂಖ್ಯೆ ಹೆಚ್ಚಿತು, ವಾದಕರ ಗುಂಪು ದಿನದಿನಕ್ಕೆ ಬದಲಾಗತೊಡಗಿತು. ಒಂದೇ ಕೋಣೆಯಲ್ಲಿ ಒಂದೇ ತಂಡದೊಡನೆ ಕೂಡಿಬಂದ ಹೊಂದಿಕೆ ಅಲ್ಲಿ ಎಲ್ಲ ಕಾಲಕ್ಕೂ ಸಿಗಲಿಲ್ಲ. ಎಷ್ಟೋ ಧ್ವನಿಮುದ್ರಿಕೆಗಳಲ್ಲಿ ಅವರ ಜೋಡಿ ಸ್ವರಗಳು ಚೆಂದದ ಅಲಂಕಾರವಾಗಿ ಉಳಿದವೇ ಹೊರತು ಹಾಡಿನ ಆಕಾರವನ್ನು ನಿರ್ಧರಿಸಲಿಲ್ಲ. 2017ರಲ್ಲಿ, ಎಂಬತ್ತು ದಾಟಿದ ಮೇಲೆ, ತಮ್ಮದೇ ಹೆಸರಿನಲ್ಲಿ ತಂದ ‘ಫಾರೆವರ್ ಯಂಗ್’ ಗಿಟಾರ್ ಪ್ರಧಾನವಾದ ಸಂಗ್ರಹ. ನಾದ ಸೊಗಸು, ಕೈ ಪಳಗಿದ್ದು. ಆದರೆ ಎದುರಿಗೆ ಕಂಠವಿಲ್ಲದ ಕಡೆ ಅವರ ಗಿಟಾರ್‌ಗೆ ಯಾವ ಜಾಗವನ್ನು ಬಿಡಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಅವರ ಅತ್ಯುತ್ತಮ ಕೆಲಸಕ್ಕೆ ಹುರಿ ಕೊಟ್ಟದ್ದು ಆ ಪ್ರಶ್ನೆ.

ಮೆಂಫಿಸ್ ಪರಂಪರೆಯಲ್ಲಿ ಯಂಗ್ ಅವರ ಸ್ಥಾನವನ್ನು ಹೀಗೆ ಗುರುತಿಸಬಹುದು. ಲಯದ ಕಸುವಿನಲ್ಲಿ ಕ್ರಾಪರ್ ಅವರಿಗಿಂತ ಮುಂದೆ ಹೋದವರಲ್ಲ, ಕಾರ್ಡ್‌ಗಳ ಸಿರಿಯಲ್ಲಿ ಮೇಫೀಲ್ಡ್ ಅವರನ್ನು ಮುಟ್ಟಿದವರಲ್ಲ. ಹಾಡಿನ ಪ್ರವೇಶವನ್ನೂ ಸಾಲುಗಳ ನಡುವಿನ ಎಡೆಯನ್ನೂ ಒಂದೇ ಯೋಚನೆಯಲ್ಲಿ ಕಟ್ಟುವುದರಲ್ಲಿ ಅವರಿಗೆ ಆ ಪೀಳಿಗೆಯಲ್ಲಿ ಸಾಟಿಯಾದವರು ಕಡಿಮೆ. ಅದನ್ನು ವಾದನವೆಂದು ಅಳೆದರೆ ಸಾಧಾರಣ ಎನ್ನಿಸಬಹುದು, ಸಂಯೋಜನೆಯೆಂದು ಅಳೆದರೆ ಅದರ ತೂಕ ತಿಳಿಯುತ್ತದೆ. ಸಹಿಯಿಲ್ಲದ ಈ ಬಗೆಯ ಸಂಯೋಜನೆಗೆ ವಿಮರ್ಶೆಯಲ್ಲಾಗಲಿ ಹಕ್ಕುಸ್ವಾಮ್ಯದ ಲೆಕ್ಕದಲ್ಲಾಗಲಿ ಸರಿಯಾದ ಅಂಕಣ ಇಲ್ಲದಿರುವ ತನಕ ಅವರ ಶೈಲಿಯ ಬಗೆಗಿನ ವಾದ ಮುಗಿಯುವಂಥದ್ದಲ್ಲ.