ನಕ್ಕೆವು, ಆದರೆ ಯಾರನ್ನು ನೋಡಿ?

ಹಾಸ್ಯ ಧಾರಾವಾಹಿಗಳು ಉಪ್ಪಿನಕಾಯಿಯ ಹಾಗೆ. ಕೆಲವು ಹಳತಾದಷ್ಟೂ ರುಚಿ, ಕೆಲವಕ್ಕೆ ಬೂಷ್ಟು. ಯಾವುದು ಹೇಗಿದೆ ಎಂದು ಭರಣಿಯ ಮುಚ್ಚಳ ತೆಗೆದಾಗಲೇ ಗೊತ್ತಾಗುವುದು. ನಾರ್ವೆಯ ಜಡಿಮಳೆಯಲ್ಲಿ ಮನೆಯೊಳಗೇ ಉಳಿದ ದಿನಗಳಲ್ಲಿ ಮೊಬೈಲಿನಲ್ಲಿ ನಾನು ಮಾಡಿದ್ದು ಈ ಕೆಲಸ.

1984ರಲ್ಲಿ ದೂರದರ್ಶನದಲ್ಲಿ ಬಂದ 'ಯೇ ಜೋ ಹೈ ಜಿಂದಗಿ' ಹಿಂದಿಯದಾದರೂ ನಮ್ಮ ಮನೆಗಳದೇ ಕಥೆ. ಬರೆದವರು ಶರದ್ ಜೋಶಿ. ಸತೀಶ್ ಶಾ ಕಂತಿಗೊಂದು ವೇಷದಲ್ಲಿ ಬಂದು ಸಂಸಾರವನ್ನು ತಲೆಕೆಳಗು ಮಾಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಸಮಸಮನಾಗಿ ಪೇಚಿಗೆ ಸಿಗುತ್ತಾರೆ. ಹಾಗಾಗಿ ಆ ನಗು ಇನ್ನೂ ಕೆಟ್ಟಿಲ್ಲ.

ಈಟಿವಿ ಕನ್ನಡದ 'ಪಾಪ ಪಾಂಡು' ಬೇರೆ ಮಾತು. ನಿರ್ದೇಶನ ಸಿಹಿ ಕಹಿ ಚಂದ್ರು ಅವರದು. ಶಾಲಿನಿಯವರ ಶ್ರೀಮತಿ, ಚಿದಾನಂದ್ ಅವರ ಪಾಂಡುವಿಗೆ ಬಾರಿಸಿದಾಗಲೆಲ್ಲ ಹೆಚ್ಚು ನಕ್ಕವರು ನಾವು ಹೆಂಗಸರೇ. ಎಷ್ಟೋ ಮನೆಗಳಲ್ಲಿ ಕೈ ಬೀಸುವುದು ಇನ್ನೊಂದು ಕಡೆಯಿಂದ ತಾನೇ? ಅದಕ್ಕೇ ಆ ಏಟಿನ ಸದ್ದಿನಲ್ಲಿ ನಮಗೊಂದು ನಿರಾಳವಿತ್ತು. ಆದರೆ ಅದೇ ದೃಶ್ಯ ನೋಡಿ ಗಂಡಸರು, "ಪೆಟ್ಟು ತಿನ್ನುವವರು ನಾವೇ ನೋಡಿ" ಎಂದು ಮಾತು ಹಾರಿಸಿದ್ದೂ ಉಂಟು. ಕೌಟುಂಬಿಕ ಹಿಂಸೆಯ ವಿರುದ್ಧ 2005ರಲ್ಲಿ ಕಾಯಿದೆ ಬಂದದ್ದು ಪಾಂಡುವಿನಂಥವರಿಗಾಗಿ ಅಲ್ಲ. ನಟನೆ ಈಗಲೂ ಚೆಂದ; ಏಟಿನ ಹಾಸ್ಯ ಮಾತ್ರ ನನಗೆ ಹುಳಿಯಾಗಿದೆ.

ನನ್ನ ಜಗಳವೆಲ್ಲ 'ಸಿಲ್ಲಿ ಲಲ್ಲಿ'ಯ ಮೇಲೆ. ಲಲಿತಾಂಬಳ ಸಮಾಜಸೇವೆಯೇ ಅಲ್ಲಿ ನಗೆಯ ಸರಕು. ಅದು ಪ್ರಸಾರವಾಗುತ್ತಿದ್ದ ಕಾಲದಲ್ಲೇ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘಗಳು ಕಣ್ಣು ಬಿಡುತ್ತಿದ್ದವು; ಸರ್ಕಾರ ಆ ಯೋಜನೆ ತಂದದ್ದು 2000–01ರಲ್ಲಿ. ನಮ್ಮ ಪಕ್ಕದ ಮನೆಯ ಅಕ್ಕ ಲೆಕ್ಕದ ಪುಸ್ತಕ ಹಿಡಿದು ಸಂಘಕ್ಕೆ ಹೊರಟರೆ ಜಗಲಿಯಿಂದ, "ಓಹೋ, ಲಲ್ಲಿ ಹೊರಟ್ಳು!" ಎಂಬ ಕೂಗು ಬರುತ್ತಿತ್ತು. ಟಿವಿಯ ಒಂದು ತಮಾಷೆ ಒಬ್ಬ ಹೆಂಗಸಿನ ಹೆಜ್ಜೆಗೆ ಹೀಗೆ ತೊಡರಿಕೊಳ್ಳುತ್ತದೆ.

ಹಾಗೆಂದು ಲಲ್ಲಿಯನ್ನು ಪೂರಾ ತಳ್ಳಿಹಾಕಲೂ ಆಗದು. ಎಷ್ಟು ಗೇಲಿಯಾದರೂ ಅವಳು ಮೂಲೆ ಹಿಡಿದು ಕೂರುವವಳಲ್ಲ. ಮುಂದಿನ ಕಂತಿಗೆ ಮತ್ತೆ ಹೊಸ ಉಮೇದಿನಲ್ಲಿ ಸಿದ್ಧ. ಬರೆದವರಿಗೆ ಅದು ಪೆದ್ದುತನವಾಗಿ ಕಂಡಿರಬಹುದು. ನನಗೆ ಈಗ ಅದು ಗಟ್ಟಿತನವಾಗಿ ಕಾಣುತ್ತದೆ. ಪಕ್ಕದ ಮನೆಯ ಅಕ್ಕನೂ ಆ ಕೂಗಿಗೆ ಒಮ್ಮೆಯೂ ತಿರುಗಿ ನೋಡಿದವರಲ್ಲ.