ಹಳೆಯ ನಾದದ ಬೆನ್ನು ಹತ್ತಿ: ಗಿಟಾರ್ ಪಿಕಪ್ಪಿನ ಅಯಸ್ಕಾಂತವನ್ನು ಕೇಳುವ ಬಗೆ

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಗಿಬ್ಸನ್ ಕಾರ್ಖಾನೆಯಲ್ಲಿ ಸೇಥ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಎಲೆಕ್ಟ್ರಿಕ್ ಗಿಟಾರಿನ ಗುಂಯ್‌ಗುಡುವಿಕೆಗೆ ಮದ್ದು ಹುಡುಕಿದರು. ತಂತಿಯ ಅದುರುವಿಕೆಯನ್ನು ವಿದ್ಯುತ್ತಾಗಿಸುವ ಅಂದಿನ ಪಿಕಪ್‌ಗಳು ತಂತಿಯ ದನಿಯ ಜೊತೆಗೆ ದೀಪ, ಟ್ರಾನ್ಸ್‌ಫಾರ್ಮರುಗಳ ಕರೆಂಟಿನ ಗದ್ದಲವನ್ನೂ ಹೀರಿಕೊಳ್ಳುತ್ತಿದ್ದವು. ಲವರ್ ಒಂದರ ಬದಲು ಎರಡು ಸುರುಳಿ ಇಟ್ಟರು. ಒಂದರ ಸುತ್ತೂ ಧ್ರುವವೂ ಇನ್ನೊಂದಕ್ಕೆ ತಿರುಗುಮುರುಗು. ಹೊರಗಿನ ಗದ್ದಲ ಎರಡರಲ್ಲೂ ಹುಟ್ಟಿ ಒಂದನ್ನೊಂದು ಅಳಿಸಿತು, ತಂತಿಯ ದನಿ ಮಾತ್ರ ಕೂಡಿಕೊಂಡಿತು. ಇದೇ ಹಂಬಕರ್. 1957ರಲ್ಲಿ ಲೆಸ್ ಪಾಲ್ ಗಿಟಾರಿಗೆ ಬಂದ ಈ ಪಿಕಪ್ಪಿನ ಬೆನ್ನಿಗೆ ಪೇಟೆಂಟಿಗೆ ಅರ್ಜಿ ಹಾಕಲಾಗಿದೆ (ಪೇಟೆಂಟ್ ಅಪ್ಲೈಡ್ ಫಾರ್) ಎಂಬ ಚೀಟಿ ಅಂಟಿಸುತ್ತಿದ್ದರು. ಆ ಒಕ್ಕಣೆಯ ಮೊದಲಕ್ಷರಗಳಿಂದಲೇ ಅದು ಪಿಎಎಫ್ ಎಂದು ಹೆಸರಾಯಿತು. ಗಿಟಾರಿಗರು ವಿಂಟೇಜ್ ಟೋನ್ ಎನ್ನುವಾಗ ಬಹಳ ಸಲ ಅವರ ಮನಸ್ಸಿನಲ್ಲಿರುವುದು ಇದರ ದನಿಯೇ.

ಹಂಬಕರಿನ ಎರಡು ಸುರುಳಿಗಳ ಅಡಿಯಲ್ಲಿ ಎರಡೂವರೆ ಇಂಚಿನಷ್ಟು ಉದ್ದದ ಅಯಸ್ಕಾಂತದ ಪಟ್ಟಿಯೊಂದಿರುತ್ತದೆ. ಇಂದಿನ ಗಿಟಾರಿನಲ್ಲಿ ಹಳೆಯ ದನಿ ಹುಡುಕುವವರು ಇದನ್ನು ತೆಗೆದು ಬೇರೆ ಪಟ್ಟಿ ಹಾಕಿ ನೋಡುತ್ತಾರೆ. ಹೊಸ ಪಿಕಪ್ಪಿಗಿಂತ ಇದು ಎಷ್ಟೋ ಅಗ್ಗ. ಹೊಸಬರಿಗೆ ಇದರಲ್ಲಿ ಇನ್ನೂ ದೊಡ್ಡ ಲಾಭವಿದೆ. ಮರ, ತಂತಿ, ಸುರುಳಿ ಎಲ್ಲ ಹಾಗೇ ಇದ್ದು ಒಂದೇ ಸಂಗತಿ ಬದಲಾದಾಗ ಏನನ್ನು ಕೇಳಬೇಕೆಂಬುದು ಕಿವಿಗೆ ತಾನಾಗಿ ಗೊತ್ತಾಗುತ್ತದೆ.

ಮೊದಲು ಕೇಳಿ, ಆಮೇಲೆ ಬಿಚ್ಚಿ

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಎರಡು ಆಲ್ಬಮ್ ಕೇಳಿ. ಒಂದು, ಜಾನ್ ಮೇಯಲ್ ತಂಡದೊಂದಿಗೆ ಎರಿಕ್ ಕ್ಲಾಪ್ಟನ್ ನುಡಿಸಿದ 1966ರ ‘ಬ್ಲೂಸ್ ಬ್ರೇಕರ್ಸ್’. ಅಲ್ಲಿರುವುದು ಪಿಎಎಫ್ ಇದ್ದ ಲೆಸ್ ಪಾಲ್, ಜೋರಾಗಿ ತಿರುಗಿಸಿಟ್ಟ ಮಾರ್ಷಲ್ ಆಂಪ್. ಇನ್ನೊಂದು, ಆಲ್‌ಮನ್ ಬ್ರದರ್ಸ್ ಬ್ಯಾಂಡ್ 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿ ಧ್ವನಿಮುದ್ರಿಸಿದ ‘ಅಟ್ ಫಿಲ್‌ಮೋರ್ ಈಸ್ಟ್’. ಆ ತಂಡದ ಡ್ವೇನ್ ಆಲ್‌ಮನ್ ತಮ್ಮ 1957ರ ಗೋಲ್ಡ್‌ಟಾಪ್ ಲೆಸ್ ಪಾಲನ್ನು ಇನ್ನೊಂದು ಲೆಸ್ ಪಾಲಿಗೆ ಬದಲಾಯಿಸಿಕೊಂಡಾಗ ಗಿಟಾರ್ ಬಿಟ್ಟುಕೊಟ್ಟರು, ಅದರ ಪಿಕಪ್‌ಗಳನ್ನು ಮಾತ್ರ ಕಿತ್ತು ಹೊಸದಕ್ಕೆ ಹಾಕಿಸಿಕೊಂಡರು.

ಕೇಳುವಾಗ ಇಡೀ ದನಿಯನ್ನು ಒಮ್ಮೆಗೇ ಹಿಡಿಯಲು ಹೋಗಬೇಡಿ. ಪ್ರತಿ ಸ್ವರದಲ್ಲೂ ಮೂರು ಘಟ್ಟಗಳಿವೆ: ಮೀಟಿನ ಪೆಟ್ಟು, ಸ್ವರ ಅರಳುವ ಹೊತ್ತು, ಅದು ಇಳಿಯುವ ರೀತಿ. ವೀಣೆ ಕೇಳುವವರಿಗೆ ಉಗುರಿನ ಮೀಟು ಮತ್ತು ಬೆರಳತುದಿಯ ಮೀಟಿನ ಅಂತರ ಗೊತ್ತು. ಸ್ವರ ಒಂದೇ, ಅದು ಬಾಗಿಲು ತೆರೆದು ಬರುವ ರೀತಿ ಬೇರೆ. ಅಯಸ್ಕಾಂತ ತರುವ ಬದಲಾವಣೆಯೂ ಹೆಚ್ಚಾಗಿ ಆ ಬಾಗಿಲಿನಲ್ಲೇ ಇರುತ್ತದೆ. ಕ್ಲಾಪ್ಟನ್ನರ ಗಿಟಾರಿನಲ್ಲಿ ಪೆಟ್ಟು ಚುಚ್ಚುವುದಿಲ್ಲ, ಸ್ವರ ತುಸು ತಡೆದು ತುಂಬಿಕೊಳ್ಳುತ್ತದೆ. ಮೆಲ್ಲಗೆ ಮೀಟಿದಾಗ ದನಿ ಸ್ವಚ್ಛ, ಒತ್ತಿ ಮೀಟಿದಾಗ ಒರಟು. ಕೈಯ ಬಲಕ್ಕೆ ತಕ್ಕ ಹಾಗೆ ಬಣ್ಣ ಬದಲಿಸುವ ಈ ಗುಣವನ್ನು ಗುರುತಿಸಬಲ್ಲಿರಾದರೆ ಅರ್ಧ ಪಾಠ ಮುಗಿದ ಹಾಗೆ.

ಅಯಸ್ಕಾಂತದ ಪಟ್ಟಿಯ ಕೆಲಸ

ಪಟ್ಟಿಯ ಕಾಂತಕ್ಷೇತ್ರ ಸುರುಳಿಗಳೊಳಗಿನ ಉಕ್ಕಿನ ಸ್ಕ್ರೂ ಮತ್ತು ಗೂಟಗಳ ಮೂಲಕ ಮೇಲೇರಿ ತಂತಿಯನ್ನು ಕಾಂತಗೊಳಿಸುತ್ತದೆ. ತಂತಿ ಅದುರಿದರೆ ಆ ಕ್ಷೇತ್ರವೂ ಅಲುಗಾಡಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಕ್ಷೇತ್ರ ಬಲವಾದಷ್ಟೂ ದನಿ ಜೋರು, ಪೆಟ್ಟು ಹರಿತ. ಆದರೆ ಬಲ ಹೆಚ್ಚಾಗಿ ಪಿಕಪ್ ತಂತಿಗೆ ಬಹಳ ಹತ್ತಿರವಿದ್ದರೆ ಅಯಸ್ಕಾಂತ ತಂತಿಯನ್ನೇ ಎಳೆಯತೊಡಗುತ್ತದೆ. ಆಗ ಸ್ವರ ಬೇಗ ಸಾಯುತ್ತದೆ, ಶ್ರುತಿಯೂ ಕದಡುತ್ತದೆ.

ಆಲ್ನಿಕೊ ಬಳಗ

ಆಲ್ನಿಕೊ ಎಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆಸಿದ ಕಬ್ಬಿಣದ ಮಿಶ್ರಲೋಹ. ಇದರ ಬಗೆಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ಆ ಸಂಖ್ಯೆಯನ್ನು ಬಲದ ಅಳತೆ ಎಂದುಕೊಂಡರೆ ದಾರಿ ತಪ್ಪುತ್ತದೆ.

ಆಲ್ನಿಕೊ 5ನ್ನು ಕಾಂತಕ್ಷೇತ್ರದಲ್ಲಿಟ್ಟು ತಣಿಸುತ್ತಾರೆ, ಹಾಗಾಗಿ ಅದರ ಶಕ್ತಿಯೆಲ್ಲ ಒಂದೇ ದಿಕ್ಕಿಗೆ ಸಾಲುಗಟ್ಟುತ್ತದೆ. ಅದರಲ್ಲಿ ಉಳಿಯುವ ಕಾಂತತೆ ಸುಮಾರು 12,500 ಗೌಸ್. ಮಂದ್ರ ಬಿಗಿ, ತಾರ ಹೊಳಪು, ಪೆಟ್ಟು ನೇರ. ಆಲ್ನಿಕೊ 2ರಲ್ಲಿ ಉಳಿಯುವುದು 7,500 ಗೌಸಿನ ಆಸುಪಾಸು. ಮಂದ್ರ ಕೊಂಚ ಸಡಿಲ, ತಾರದ ಅಂಚು ದುಂಡಗೆ, ಮಧ್ಯದ ಸ್ವರಗಳು ಮುಂದೆ ಬರುತ್ತವೆ. ಆಲ್ನಿಕೊ 3ರಲ್ಲಿ ಹೆಸರಿಗೆ ವಿರುದ್ಧವಾಗಿ ಕೋಬಾಲ್ಟ್ ಇಲ್ಲ, ಬಳಗದ ದುರ್ಬಲರ ಸಾಲಿನಲ್ಲಿ ಇದೂ ಒಂದು. ಮೆದು ಪೆಟ್ಟು, ತೆರೆದ ತಾರ ಇದರ ಗುರುತು. ಆಲ್ನಿಕೊ 4ರ ದನಿ ಯಾವ ಕಡೆಗೂ ವಾಲದೆ ಸಮತಟ್ಟಾಗಿದೆ ಎನ್ನುತ್ತಾರೆ. ಇವುಗಳ ಆಚೆಗಿರುವುದು ಸಿರಾಮಿಕ್ ಅಯಸ್ಕಾಂತ. 1972ರಲ್ಲಿ ಬಂದ ಡಿಮಾರ್ಜಿಯೊ ಕಂಪನಿಯ ಸೂಪರ್ ಡಿಸ್ಟಾರ್ಷನ್ ಪಿಕಪ್ ಇದನ್ನೇ ಬಳಸಿ ರಾಕ್ ಸಂಗೀತಕ್ಕೆ ಬೇರೊಂದು ಗಟ್ಟಿತನ ತಂದಿತು.

ಹಾಗಾದರೆ ಮೂಲ ಪಿಎಎಫ್‌ನಲ್ಲಿ ಇದ್ದದ್ದು ಯಾವುದು? 2, 3, 4, 5 ಎಲ್ಲವೂ! ಕಾರ್ಖಾನೆಯ ಕೈಗೆ ಆ ದಿನ ಯಾವ ಪಟ್ಟಿ ಸಿಕ್ಕಿತೋ ಅದು ಒಳಗೆ ಹೋಯಿತು. ಸುರುಳಿ ಸುತ್ತುವುದರಲ್ಲೂ ಕರಾರುವಾಕ್ಕು ಲೆಕ್ಕವಿರಲಿಲ್ಲ. ಒಂದೇ ಪಿಕಪ್ಪಿನ ಎರಡು ಸುರುಳಿಗಳಲ್ಲಿ ಸುತ್ತುಗಳ ಸಂಖ್ಯೆ ಬೇರೆಯಾಗುತ್ತಿತ್ತು, ಇಡೀ ಪಿಕಪ್ಪಿನ ರೋಧ 7ರಿಂದ 9 ಕಿಲೋ ಓಮ್‌ಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. 1960ರ ದಶಕದ ಆರಂಭದಲ್ಲಿ ಗಿಡ್ಡ ಪಟ್ಟಿಯ ಆಲ್ನಿಕೊ 5 ಖಾಯಂ ಆಯಿತು. ಇಂದಿನ ಪ್ರತಿಕೃತಿಗಳಲ್ಲೂ ಒಮ್ಮತವಿಲ್ಲ. ಗಿಬ್ಸನ್ನಿನ ‘57 ಕ್ಲಾಸಿಕ್’ನಲ್ಲಿ ಆಲ್ನಿಕೊ 2, ಅದೇ ಕಂಪನಿಯ ‘ಕಸ್ಟಮ್‌ಬಕರ್’ನಲ್ಲಿ ಆಲ್ನಿಕೊ 3, ಸೀಮೋರ್ ಡಂಕನ್ ಕಂಪನಿಯ ‘59’ರಲ್ಲಿ ಆಲ್ನಿಕೊ 5. ಎಲ್ಲರೂ ಹಿಂಬಾಲಿಸುತ್ತಿರುವುದು ಅದೇ ಹಳೆಯ ದನಿಯನ್ನು.

ಬದಲಿಸುವಾಗ

ತಂತಿ ಸಡಿಲಿಸಿ ಪಿಕಪ್ ಹೊರತೆಗೆಯಿರಿ. ಮೇಲೆ ಲೋಹದ ಮುಚ್ಚಳವಿದ್ದರೆ ಅದರ ಬೆಸುಗೆ ಬಿಡಿಸಬೇಕಾಗುತ್ತದೆ. ಅಭ್ಯಾಸವಿಲ್ಲದವರು ಈ ಕೆಲಸವನ್ನು ಗಿಟಾರ್ ರಿಪೇರಿ ಬಲ್ಲವರಿಗೆ ಬಿಡುವುದು ಒಳ್ಳೆಯದು. ಮುಚ್ಚಳವಿಲ್ಲದಿದ್ದರೆ ತಳದ ತಗಡಿನ ನಾಲ್ಕು ಪುಟ್ಟ ಸ್ಕ್ರೂ ಸಡಿಲಿಸಿದರೆ ಸಾಕು, ಪೂರ್ತಿ ಬಿಚ್ಚಬೇಡಿ. ಸುರುಳಿಯ ತಾಮ್ರದ ಎಳೆಯ ದಪ್ಪ 0.06 ಮಿಲಿಮೀಟರ್ ಅಷ್ಟೆ, ಸ್ಕ್ರೂಡ್ರೈವರಿನ ತುದಿ ಸೋಕಿದರೂ ಕಡಿದೀತು.

ಹಳೆಯ ಪಟ್ಟಿಯನ್ನು ಜಾರಿಸಿ ತೆಗೆಯುವ ಮುನ್ನ ಅದರ ಯಾವ ಉದ್ದಂಚು ಉತ್ತರ ಎಂದು ದಿಕ್ಸೂಚಿ ಹಿಡಿದು ಗುರುತು ಹಾಕಿ. ಈ ಪಟ್ಟಿಯ ಧ್ರುವಗಳು ತುದಿಗಳಲ್ಲಿರುವುದಿಲ್ಲ, ಉದ್ದದ ಅಂಚುಗಳಲ್ಲಿರುತ್ತವೆ. ಹೊಸದನ್ನೂ ಅದೇ ದಿಕ್ಕಿಗೆ ಕೂರಿಸಿ. ತಿರುವಿಟ್ಟರೆ ಪಿಕಪ್ ಕೆಡುವುದಿಲ್ಲ. ಗಿಟಾರಿನ ಎರಡೂ ಪಿಕಪ್ ಒಟ್ಟಿಗೆ ನುಡಿಸಿದಾಗ ಮಾತ್ರ ದನಿ ತೆಳ್ಳಗಾಗಿ ಮೂಗಿನಿಂದ ಬಂದ ಹಾಗಿರುತ್ತದೆ. ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್ ಪ್ರಸಿದ್ಧವಾದದ್ದೇ ಇಂಥ ದನಿಯಿಂದ. ಅದರ ಕುತ್ತಿಗೆಯ ಬದಿಯ (ನೆಕ್) ಪಿಕಪ್ಪಿನ ಅಯಸ್ಕಾಂತ ತಿರುಗುಮುರುಗಾಗಿತ್ತು.

ಸ್ಟ್ರಾಟೊಕ್ಯಾಸ್ಟರ್, ಟೆಲಿಕ್ಯಾಸ್ಟರ್‌ಗಳ ಹಳೆಯ ಮಾದರಿಯ ಸಿಂಗಲ್ ಕಾಯಿಲ್‌ಗೆ ಈ ಉಪಾಯ ಸಲ್ಲದು. ಅಲ್ಲಿ ತಂತಿಗೊಂದರಂತೆ ನಿಂತ ಗೂಟಗಳೇ ಅಯಸ್ಕಾಂತಗಳು. ಎಷ್ಟೋ ಸಲ ಸುರುಳಿಯನ್ನು ಅವುಗಳ ಮೈಗೇ ಸುತ್ತಿರುತ್ತಾರೆ, ತಳ್ಳಿದರೆ ಎಳೆ ಹರಿಯುತ್ತದೆ.

ಹೋಲಿಸುವಾಗ

ದುರ್ಬಲ ಅಯಸ್ಕಾಂತ ಹಾಕಿದ ಕೂಡಲೇ ದನಿ ತಗ್ಗುತ್ತದೆ. ಜೋರಾಗಿ ಕೇಳುವುದೇ ಚೆನ್ನಾಗಿದೆ ಎನ್ನುವುದು ಕಿವಿಯ ಸ್ವಭಾವ. ಆದ್ದರಿಂದ ಪಿಕಪ್ಪನ್ನು ತಂತಿಯತ್ತ ಸ್ವಲ್ಪ ಏರಿಸಿ, ಮೊದಲಿನಷ್ಟೇ ಜೋರಾಗುವಂತೆ ಮಾಡಿಕೊಂಡು ಹೋಲಿಸಿ. ತಂತಿಗಳು ಅವೇ ಇರಲಿ, ಆಂಪಿನ ಗುಬ್ಬಿಗಳನ್ನು ಮುಟ್ಟಬೇಡಿ. ಮೊದಲು ಡಿಸ್ಟಾರ್ಷನ್ ಇಲ್ಲದೆ ಕ್ಲೀನ್ ದನಿಯಲ್ಲಿ ಒಂದೊಂದೇ ಸ್ವರ ಮೀಟಿ, ಆಮೇಲೆ ಆಂಪ್ ಆಗಷ್ಟೇ ಒಡೆಯತೊಡಗುವ ಹಂತದಲ್ಲಿ ಕಾರ್ಡ್ ನುಡಿಸಿ. ಪೆಟ್ಟಿನ ಅಂತರ ಎದ್ದು ಕಾಣುವುದು ಅಲ್ಲೇ. ಪೂರ್ತಿ ಡಿಸ್ಟಾರ್ಷನ್ ಹಾಕಿದರೆ ಬಹುಪಾಲು ಅಂತರ ಅದರಡಿ ಹೂತುಹೋಗುತ್ತದೆ. ಪಟ್ಟಿ ಬದಲಿಸುವಷ್ಟರಲ್ಲಿ ಹಿಂದಿನ ದನಿಯ ನೆನಪು ಮಸುಕಾಗುವುದರಿಂದ ಫೋನಿನಲ್ಲಾದರೂ ಧ್ವನಿಮುದ್ರಿಸಿಟ್ಟುಕೊಳ್ಳಿ.

ಅಯಸ್ಕಾಂತದ ಕೈಯಲ್ಲಿ ಆಗದ ಕೆಲಸಗಳೂ ಇವೆ. ಪಿಕಪ್ಪಿನ ಮೂಲ ಚಹರೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಸುರುಳಿಯ ಸುತ್ತುಗಳು. ವಿಪರೀತ ಸುತ್ತಿದ ಹಾಟ್ ಪಿಕಪ್ಪಿಗೆ ಆಲ್ನಿಕೊ 2 ಹಾಕಿದರೆ ಅದು ಮೆತ್ತಗಾಗುತ್ತದೆ, ಪಿಎಎಫ್ ಆಗುವುದಿಲ್ಲ. ಹಾಗಾಗಿ ರೋಧ 7ರಿಂದ 9 ಕಿಲೋ ಓಮ್ ಇರುವ ಪಿಕಪ್ಪಿನಿಂದ ಶುರುಮಾಡುವುದು ಜಾಣತನ. ಇನ್ನೊಂದು, ಮೂಲ ಪಿಎಎಫ್‌ಗಳ ಸುರುಳಿಯನ್ನು ಮೇಣದಲ್ಲಿ ಅದ್ದುತ್ತಿರಲಿಲ್ಲ. ಅವುಗಳ ಜೀವಂತಿಕೆಯ ಒಂದು ಪಾಲು ಅದರಿಂದ ಬಂತೆನ್ನುವವರಿದ್ದಾರೆ, ಆಂಪ್ ಜೋರಾದಾಗ ಅವು ಕಿರುಚುತ್ತಿದ್ದುದೂ ಅದರಿಂದಲೇ.

ಎರಡು ಪಟ್ಟಿ ಕೊಳ್ಳಿ, ಒಂದು ಆಲ್ನಿಕೊ 2, ಇನ್ನೊಂದು 5. ಕಲಿಕೆಗೆ ಅಷ್ಟು ಸಾಕು. ಯಾವುದು ಮೂಲದ್ದು ಎಂಬ ವಾದಕ್ಕೆ ಕಲಮಜೂ ಕಾರ್ಖಾನೆಯೇ ಉತ್ತರ ಬಿಟ್ಟುಹೋಗಿಲ್ಲ. ಎರಡನ್ನೂ ಕೇಳಿದ ಮೇಲೆ ನಿಮ್ಮ ಕೈಯ ಬಲಕ್ಕೆ ಚೆನ್ನಾಗಿ ಓಗೊಡುವ ಪಟ್ಟಿಯನ್ನು ಗಿಟಾರಿನಲ್ಲಿ ಬಿಡಿ. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆ ಯಾವುದಾದರೂ ಇರಲಿ.