ನಮ್ಮೂರ ಹಾಡಿಲ್ಲದ ಸಂಕಲನ

ಧಾರವಾಡದಿಂದ ಅಕ್ಕನ ಮಗನ ಫೋನು. ‘ಮಾಮಾ, ಕಿಂಕ್ಸ್ ಅವರದು ಒಂದ ಒಂದು ಕಲೆಕ್ಷನ್ ತಗೋಬೇಕಂದ್ರ ಯಾವುದು ತಗೊಳ್ಳಿ? ಹತ್ತಾರು ಅದಾವ, ತಲಿ ಕೆಟ್ಟು ಹೋಗೇತಿ.’ ಹುಡುಗ ಗಿಟಾರ್ ಕಲಿಯುತ್ತಿದ್ದಾನೆ. ಬೀಟಲ್ಸ್ ಮುಗಿಸಿ ಈಗ ಅವರ ಓರಗೆಯವರ ಕಡೆ ಹೊರಳಿದ್ದಾನೆ. ಮೊಬೈಲಿನಲ್ಲಿ ಎಲ್ಲವೂ ಸಿಗುವ ಕಾಲದಲ್ಲಿ ಸಂಕಲನ ಯಾಕೋ ಅಂದೆ. ‘ಎಲ್ಲಾ ಸಿಗತೈತಿ, ಅದಕ್ಕ ಕೇಳಾಕತ್ತೀನಿ’ ಅಂದ. ಮಾತು ಸರಿಯಾಗಿಯೇ ಇತ್ತು.

ಮಾಟುಂಗಾದ ನಮ್ಮ ಮನೆಯಲ್ಲಿ ಕಿಂಕ್ಸ್‌ನ ಎರಡು ಸಂಕಲನಗಳಿವೆ. ಒಂದು, 2002ರಲ್ಲಿ ಬಂದ ‘ದಿ ಅಲ್ಟಿಮೇಟ್ ಕಲೆಕ್ಷನ್’. ಕಾಲಾ ಘೋಡಾದ ರಿದಮ್ ಹೌಸ್‌ನಲ್ಲಿ ಕೊಂಡದ್ದು. ಆ ಅಂಗಡಿ 2016ರಲ್ಲಿ ಮುಚ್ಚಿತು. ಇನ್ನೊಂದು, 1972ರ ‘ದಿ ಕಿಂಕ್ ಕ್ರಾನಿಕಲ್ಸ್’. ಅಮೆರಿಕದಿಂದ ಬಂದ ಗೆಳೆಯ ತಂದುಕೊಟ್ಟದ್ದು. ಎರಡನ್ನೂ ವರ್ಷಗಟ್ಟಲೆ ಕೇಳಿದ್ದೇನೆ. ಆದರೂ ಒಂದನ್ನೇ ಹೇಳು ಅಂದಾಗ ಬಾಯಿ ಕಟ್ಟಿತು. ‘ಐತವಾರ ಹೇಳ್ತೀನಿ’ ಅಂತ ಫೋನಿಟ್ಟೆ.

ಕಿಂಕ್ಸ್ ಅಂದರೆ ಉತ್ತರ ಲಂಡನ್ನಿನ ಮಸ್ವೆಲ್ ಹಿಲ್‌ನ ಅಣ್ಣತಮ್ಮಂದಿರು ರೇ ಮತ್ತು ಡೇವ್ ಡೇವಿಸ್ ಕಟ್ಟಿಕೊಂಡ ಗುಂಪು. 1964ರ ‘ಯೂ ರಿಯಲಿ ಗಾಟ್ ಮಿ’ ಅವರನ್ನು ಒಮ್ಮೆಗೇ ಮೇಲಕ್ಕೆತ್ತಿತು. ಧ್ವನಿವರ್ಧಕದ ಕಾಗದವನ್ನು ಬ್ಲೇಡಿನಿಂದ ಸೀಳಿ ಡೇವ್ ಹೊರಡಿಸಿದ ಆ ಒರಟು ಗಿಟಾರ್ ದನಿಗೇ ನಮ್ಮ ಹುಡುಗ ಮರುಳಾಗಿದ್ದಾನೆ. ಅಂಥ ಹಾಡುಗಳಷ್ಟೇ ಬೇಕಿದ್ದರೆ ‘ಅಲ್ಟಿಮೇಟ್’ ಕೊಂಡರೆ ಸಾಕು. ಬ್ರಿಟನ್ನಿನಲ್ಲಿ ಗೆದ್ದ ಹಾಡುಗಳೆಲ್ಲ ಹೆಚ್ಚೂಕಡಿಮೆ ಅದರಲ್ಲಿವೆ. ಮದುವೆ ಊಟದ ಹಾಗೆ: ಯಾವುದೂ ಬಿಟ್ಟುಹೋಗಿಲ್ಲ, ಎಲೆಯ ತುಂಬ ಇದೆ, ಬಡಿಸಿದವರು ಯಾರೋ ಗೊತ್ತಾಗುವುದಿಲ್ಲ.

ಆದರೆ ನಾನು ಅದನ್ನು ಕೊಂಡದ್ದು ಒಂದೇ ಹಾಡಿಗಾಗಿ: 1965ರ ‘ಸೀ ಮೈ ಫ್ರೆಂಡ್ಸ್’. ಆ ವರ್ಷದ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಗುಂಪು ದಾರಿಯಲ್ಲಿ ಮುಂಬೈಯಲ್ಲಿ ತಂಗಿತ್ತು. ನಸುಕಿನಲ್ಲಿ ಕೆಲಸಕ್ಕೆ ಹೊರಟ ಮೀನುಗಾರರು ಹಾಡಿಕೊಳ್ಳುತ್ತಿದ್ದುದನ್ನು ರೇ ಕೇಳಿದ. ಆ ದನಿಯೇ ಹಾಡಿನ ಬೀಜ ಅಂತ ಅವನೇ ಹೇಳಿಕೊಂಡಿದ್ದಾನೆ. ಸಿತಾರ್ ಇಲ್ಲ, ತಬಲಾ ಇಲ್ಲ. ಗಿಟಾರೇ ತಂಬೂರಿಯ ಹಾಗೆ ಒಂದೇ ಸ್ವರ ಹಿಡಿದು ಗುಂಯ್‌ಗುಟ್ಟುತ್ತದೆ. ಅದರ ಮೇಲೆ ಅವನ ದನಿ ಅರೆನಿದ್ದೆಯಲ್ಲಿದ್ದವನಂತೆ ತೇಲುತ್ತದೆ. ಬೀಟಲ್ಸ್‌ನ ಸಿತಾರ್ ಹಾಡು ‘ನಾರ್ವೀಜಿಯನ್ ವುಡ್’ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ; ಇದು ಜುಲೈಯಲ್ಲೇ ಬಂದಿತ್ತು. ನಮ್ಮ ಕಡಲ ದಂಡೆಯ ದನಿ ಲಂಡನ್ನಿಗೆ ಹೋಗಿ ಹಾಡಾಯಿತಲ್ಲ ಅಂತ ನನಗೆ ಹೆಮ್ಮೆ. ಮನೆಗೆ ಬಂದವರಿಗೆಲ್ಲ ಅದನ್ನು ಕೇಳಿಸಿ ಕೊರೆದಿದ್ದೇನೆ.

‘ಕ್ರಾನಿಕಲ್ಸ್’ನಲ್ಲಿ ಈ ಹಾಡಿಲ್ಲ. ‘ಯೂ ರಿಯಲಿ ಗಾಟ್ ಮಿ’ ಕೂಡ ಇಲ್ಲ. ಗುಂಪು ಬೇರೆ ಕಂಪನಿಗೆ ಹೋದ ಮೇಲೆ ಹಳೆಯ ಅಮೆರಿಕನ್ ಕಂಪನಿ ಹೊರತಂದ ಈ ಜೋಡಿ ಎಲ್‌ಪಿಯಲ್ಲಿ ಇರುವುದು 1966ರಿಂದ ಈಚಿನ 28 ಹಾಡುಗಳು ಮಾತ್ರ. ಆರಿಸಿ ಟಿಪ್ಪಣಿ ಬರೆದವನು ಜಾನ್ ಮೆಂಡೆಲ್ಸನ್ ಎಂಬ ಅಮೆರಿಕದ ವಿಮರ್ಶಕ. 1965ರ ಪ್ರವಾಸದ ರಂಪಾಟದ ನಂತರ ಕಿಂಕ್ಸ್‌ಗೆ ಅಮೆರಿಕದಲ್ಲಿ ನಾಲ್ಕು ವರ್ಷ ವೇದಿಕೆ ಹತ್ತಲು ಬಿಡಲಿಲ್ಲ. ಅಲ್ಲಿನ ಕೇಳುಗರು ಅವರನ್ನು ಮರೆತರು. ದೊಡ್ಡ ಮಾರುಕಟ್ಟೆ ಕೈತಪ್ಪಿದ ರೇ ತನ್ನ ಓಣಿ, ತನ್ನ ಜನ, ಮೂಲೆಯ ಚಹಾದಂಗಡಿ, ಮುರುಕು ಮನೆಗಳ ಮೇಲೆ ಬರೆಯತೊಡಗಿದ. ಮೆಂಡೆಲ್ಸನ್ ಹೆಕ್ಕಿದ್ದು ಸರಿಯಾಗಿ ಆ ವರ್ಷಗಳ ಬೆಳೆಯನ್ನು.

ದೋಷಗಳಿಲ್ಲ ಅಂತಲ್ಲ. ಕಾಲಾನುಕ್ರಮವೇ ಇಲ್ಲ, 1969ರ ‘ವಿಕ್ಟೋರಿಯಾ’ದಿಂದ ಶುರುವಾಗಿ ಮನಬಂದಂತೆ ಹಿಂದೆ ಮುಂದೆ ಜಿಗಿಯುತ್ತದೆ. ಕೆಲವು ಹಾಡುಗಳು ಬಿಟ್ಟಿದ್ದರೂ ನಡೆಯುತ್ತಿತ್ತು. ಆದರೆ ಇಲ್ಲಿ ಒಬ್ಬ ಮನುಷ್ಯನ ಕಿವಿ ಕೆಲಸ ಮಾಡಿದೆ. ‘ಡೆಡ್ ಎಂಡ್ ಸ್ಟ್ರೀಟ್’ ಜೊತೆಗೆ ಆ ಸಿಂಗಲ್‌ನ ಹಿಂಬದಿಯಲ್ಲಿದ್ದ ‘ಬಿಗ್ ಬ್ಲ್ಯಾಕ್ ಸ್ಮೋಕ್’ ಕೂಡ ಇದೆ: ಹಳ್ಳಿಯ ಹುಡುಗಿಯೊಬ್ಬಳು ಲಂಡನ್ನಿಗೆ ಓಡಿಬಂದು ಹೊಗೆಯಲ್ಲಿ ಕಳೆದುಹೋಗುವ ಕಥೆ. ‘ವಿಲ್ಸ್‌ಡನ್ ಗ್ರೀನ್’ನಲ್ಲಿ ತನ್ನ ಬಡಾವಣೆ ಬಿಟ್ಟು ಹೋಗಲಾರದವನ ತಮಾಷೆಯ ಗೋಳು. ‘ದಿಸ್ ಈಸ್ ವೇರ್ ಐ ಬಿಲಾಂಗ್’ನಲ್ಲಿ ಇಲ್ಲೇ ನನ್ನ ನೆಲೆ ಅಂತ ನಿಂತವನು. ಕೊನೆಗೆ ‘ವಾಟರ್ಲೂ ಸನ್‌ಸೆಟ್’: ಕಿಟಕಿಯಲ್ಲಿ ಕೂತ ಒಂಟಿ ಮನುಷ್ಯ ರೈಲು ನಿಲ್ದಾಣದ ಜನಜಂಗುಳಿ ನೋಡುತ್ತಾನೆ, ತಾನು ಕೆಳಗಿಳಿಯುವುದಿಲ್ಲ. ದಾದರ್ ಸೇತುವೆ ಮೇಲೆ ಸಂಜೆ ಆರರ ಹೊತ್ತಿಗೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವನ್ನು ಬಿಡಿಬಿಡಿಯಾಗಿ ಕೇಳಿದರೆ ಒಳ್ಳೆಯ ಹಾಡುಗಳು. ಒಟ್ಟಿಗೆ ಕೇಳಿದರೆ, ಊರು ಬಿಡುವುದು ಹೇಗೆ, ಬಿಡದೇ ಇರುವುದು ಹೇಗೆ ಎಂಬ ಒಂದೇ ಪ್ರಶ್ನೆ.

ಆ ಪ್ರಶ್ನೆ ರೇಯ ಮನೆಯಲ್ಲೇ ಇತ್ತು. ಆರು ಜನ ಅಕ್ಕಂದಿರ ಮನೆ. ರೆನೆ ಎಂಬ ಅಕ್ಕ ಅವನ ಹದಿಮೂರನೇ ಹುಟ್ಟುಹಬ್ಬಕ್ಕೆ ಗಿಟಾರ್ ಕೊಟ್ಟು, ಅದೇ ರಾತ್ರಿ ನೃತ್ಯಶಾಲೆಯಲ್ಲಿ ಕುಸಿದು ತೀರಿಕೊಂಡಳು. ರೋಸಿ ಎಂಬ ಅಕ್ಕ ಗಂಡನೊಂದಿಗೆ ಆಸ್ಟ್ರೇಲಿಯಾಕ್ಕೆ ವಲಸೆ ಹೋದಳು. ಅವಳನ್ನು ಮನೆಗೆ ಕರೆಯುವ ‘ರೋಸಿ ವೋಂಟ್ ಯೂ ಪ್ಲೀಸ್ ಕಮ್ ಹೋಮ್’ 1966ರ ‘ಫೇಸ್ ಟು ಫೇಸ್’ ಆಲ್ಬಮ್ಮಿನಲ್ಲಿದೆ. ಅದೂ ‘ಕ್ರಾನಿಕಲ್ಸ್’ನಲ್ಲಿಲ್ಲ, ಅದು ನನಗೆ ನಿಜವಾದ ಕೊರತೆ ಅನ್ನಿಸುತ್ತದೆ. ಮುಂಬೈಯ ಹಾಡಿಗಿಂತ ಹೆಚ್ಚಿನ ಕೊರತೆ.

ಯಾಕಂದರೆ ಐತವಾರದ ಹೊತ್ತಿಗೆ ನನಗೆ ನನ್ನ ಪಕ್ಷಪಾತ ಗೊತ್ತಾಗಿತ್ತು. ‘ಸೀ ಮೈ ಫ್ರೆಂಡ್ಸ್’ ಒಳ್ಳೆಯ ಹಾಡು, ಸಂಶಯವಿಲ್ಲ. ಆದರೆ ಅದಿರುವುದಕ್ಕೇ ಸಂಕಲನ ದೊಡ್ಡದು ಅಂತ ಹೇಳಿದರೆ ಅದು ವಿಮರ್ಶೆಯಲ್ಲ, ಪರಸ್ಥಳದಲ್ಲಿರುವವನ ಚಪಲ. ಎಲ್ಲಿ ಹೋದರೂ ನಮ್ಮವರ ಹೆಸರಿನ ಬೋರ್ಡು ಹುಡುಕುವ ಚಪಲ. ಹುಡುಗನಿಗೆ ಬೇಕಾದದ್ದು ನನ್ನ ಹೆಮ್ಮೆಯಲ್ಲ, ಆ ಗುಂಪಿನ ಹುರುಳು.

‘ಕ್ರಾನಿಕಲ್ಸ್ ತಗೋ. ಮೊದಲಿನ ಹಿಟ್‌ಗಳನ್ನ ಮೊಬೈಲಿನಾಗ ಕೇಳು. ಆಮೇಲೆ ಸಂಕಲನ ಬದಿಗಿಟ್ಟು ಫೇಸ್ ಟು ಫೇಸ್ ಪೂರ್ತಿ ಕೇಳು’ ಅಂದೆ. ಒಳ್ಳೆಯ ಸಂಕಲನದ ಗುರುತು ಅದೇ: ತನ್ನಲ್ಲಿಲ್ಲದ್ದನ್ನು ಹುಡುಕಿಕೊಂಡು ಹೋಗುವ ಹಾಗೆ ಮಾಡಬೇಕು. ‘ನಮ್ಮೂರಿಂದ ಹುಟ್ಟಿದ ಹಾಡು ಮಾತ್ರ ಅದರಾಗಿಲ್ಲ ನೋಡು’ ಅಂತ ತಡೆಯಲಾರದೆ ಸೇರಿಸಿದೆ.

ಫೋನು ಅಕ್ಕನ ಕೈಗೆ ಹೋಗಿತ್ತು ಅಂತ ಕಾಣುತ್ತದೆ. ‘ನಮ್ಮೂರಂದ್ರ ಯಾವೂರೋ ತಮ್ಮಾ?’ ಅಂದಳು. ನಾನು ಮಾತಾಡಲಿಲ್ಲ. ಅವಳೇ ಮುಂದುವರಿಸಿದಳು: ‘ಇರಲಿ, ದೀಪಾವಳಿಗೆ ಬರ್ತೀಯಿಲ್ಲೋ?’